ಮದರಾಸಿನಲ್ಲಿ ಹುಟ್ಟಿದ ಒಂದು ನಕ್ಷೆ

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಗಡಿನಾಡಿನ ಮನೆಗಳಲ್ಲಿ ಒಂದು ಪಾಲುಪಟ್ಟಿ ಸಿದ್ಧವಾಗುತ್ತದೆ. ಲೆಕ್ಕದಲ್ಲಿ ಚುರುಕಾದ ಮಗ ಎಂಜಿನಿಯರನಾಗಬೇಕು; ಗಿಡಮರ, ಪ್ರಾಣಿಪಕ್ಷಿಗಳಲ್ಲಿ ಆಸಕ್ತಿಯುಳ್ಳ ಮಗಳು ಗಣಿತವನ್ನು ಬಿಟ್ಟು ಜೀವಶಾಸ್ತ್ರ ಓದಬೇಕು. ಈ ಎರಡು ವಿದ್ಯೆಗಳ ನಡುವೆ ಗೋಡೆಯಿದೆಯೆಂಬ ಭಾವನೆಯೇ ಇದಕ್ಕೆ ಮೂಲ. ಅಂಥ ಗೋಡೆಯಿಲ್ಲವೆಂಬುದಕ್ಕೆ ನಮ್ಮ ದಕ್ಷಿಣ ದೇಶದಲ್ಲಿಯೇ ನಡೆದ ಒಂದು ಸಂಶೋಧನೆ ಸಾಕ್ಷಿಯಾಗಿದೆ.

೧೯೨೨ರಲ್ಲಿ ಎರ್ನಾಕುಲಂನಲ್ಲಿ ಜನಿಸಿದ ಜಿ. ಎನ್. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ನಮ್ಮ ಚರ್ಮದಲ್ಲಿಯೂ ಎಲುಬಿನಲ್ಲಿಯೂ ಇರುವ ಕೊಲಾಜನ್ ಎಂಬ ಪ್ರೋಟೀನು ಮೂರೆಳೆಯ ಹಗ್ಗದಂತೆ ಹೊಸೆದುಕೊಂಡಿದೆಯೆಂದು ಗೋಪೀನಾಥ ಕರ್ತರೊಡನೆ ಅವರು ಪ್ರತಿಪಾದಿಸಿದರು. ಆ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರ ಹತ್ತಿರ ಬಂದಿವೆಯೆಂದು ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಆಕ್ಷೇಪಿಸಿದರು. ಹಾಗಾದರೆ ಎಷ್ಟು ಹತ್ತಿರ ಬಂದರೆ ‘ತೀರ ಹತ್ತಿರ’?

ಈ ಪ್ರಶ್ನೆಗೆ ಉತ್ತರ ಹುಡುಕಲು ರಾಮಚಂದ್ರನ್ ಅವರಿಗೆ ಜೊತೆಯಾದವರು ಕಿರಿಯ ಸಹೋದ್ಯೋಗಿ ವಿ. ಶಶಿಶೇಖರನ್ ಮತ್ತು ಇನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದ ಸಿ. ರಾಮಕೃಷ್ಣನ್. ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕಗಳ ಅಳತೆಗಳನ್ನು ಪರಿಶೀಲಿಸಿ, ಪರಮಾಣುಗಳ ನಡುವೆ ಇರಲೇಬೇಕಾದ ಕನಿಷ್ಠ ಅಂತರವನ್ನು ಅವರು ಗೊತ್ತುಪಡಿಸಿದರು.

ಪ್ರೋಟೀನೆಂಬುದು ಅಮೈನೋ ಆಮ್ಲಗಳ ಸರಪಳಿ. ಪ್ರತಿಯೊಂದು ಕೊಂಡಿಯಲ್ಲಿಯೂ ಇಂಗಾಲದ ಒಂದು ಪರಮಾಣುವಿನ ಎರಡೂ ಪಕ್ಕಗಳಲ್ಲಿ ಸರಪಳಿ ತಿರುಗಬಲ್ಲದು. ಈ ಎರಡು ಕೋನಗಳಿಗೆ ಫೈ, ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರಿದೆ. ನಮ್ಮ ತೋಳು ಭುಜದಲ್ಲಿಯೂ ಮೊಣಕೈಯಲ್ಲಿಯೂ ತಿರುಗುವುದಾದರೂ ಮೈ ಅಡ್ಡಬರುವುದರಿಂದ ಎಲ್ಲ ಭಂಗಿಗಳೂ ಸಾಧ್ಯವಿಲ್ಲವಷ್ಟೆ? ಇಲ್ಲಿಯೂ ಹಾಗೆಯೇ. ಹತ್ತು ಹತ್ತು ಡಿಗ್ರಿಗೆ ಒಮ್ಮೆ ನೋಡುವುದಾದರೂ ೩೬ನ್ನು ೩೬ರಿಂದ ಗುಣಿಸಿ ೧೨೯೬ ಭಂಗಿಗಳಾಗುತ್ತವೆ. ಒಂದೊಂದರಲ್ಲಿಯೂ ಹಲವು ಅಂತರಗಳನ್ನು ಲೆಕ್ಕಹಾಕಬೇಕು. ಇಂಥ ಗಣನೆಯನ್ನು ಅವರು ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳಿಂದ ಮಾಡಿದರು.

ಫಲಿತಾಂಶವನ್ನು ಒಂದು ಚೌಕದೊಳಗೆ ಗುರುತಿಸಿದಾಗ ಬಹುಭಾಗ ನಿಷಿದ್ಧವಾಗಿ, ಕೆಲವೇ ದ್ವೀಪಗಳು ಉಳಿದವು. ಪ್ರೋಟೀನುಗಳ ಸುರುಳಿಯ ರೂಪ, ಹಾಳೆಯ ರೂಪಗಳೆರಡೂ ಆ ದ್ವೀಪಗಳಲ್ಲಿಯೇ ಇದ್ದವು! ೧೯೬೩ರಲ್ಲಿ ಪ್ರಕಟವಾದ ಈ ಚಿತ್ರವೇ ಜಗತ್ಪ್ರಸಿದ್ಧವಾದ ‘ರಾಮಚಂದ್ರನ್ ನಕ್ಷೆ’.

ಪ್ರೋಟೀನಿನ ಆಕಾರವನ್ನು ಗಣಕಯಂತ್ರದಿಂದ ಊಹಿಸುವ ವಿಧಾನಕ್ಕಾಗಿ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರು ೨೦೨೪ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಇಂದಿಗೂ ಹೊಸದೊಂದು ಆಕಾರ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವಾಗ ವಿಜ್ಞಾನಿಗಳು ಮದರಾಸಿನ ಆ ನಕ್ಷೆಯನ್ನು ಮುಂದಿಟ್ಟುಕೊಳ್ಳುತ್ತಾರೆ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮದೊಂದು ವಿನಂತಿ. ಜೀವಶಾಸ್ತ್ರದೊಡನೆ ಗಣಿತವನ್ನೂ ಓದುವ ಅವಕಾಶವಿರುವಲ್ಲಿ, ‘ಇವಳಿಗೆ ಲೆಕ್ಕವೇಕೆ?’ ಎಂದು ಮಕ್ಕಳನ್ನು ತಡೆಯದಿರಿ. ಹದಿನಾರರಲ್ಲಿ ಮುಚ್ಚಿದ ಬಾಗಿಲನ್ನು ಇಪ್ಪತ್ತೈದರಲ್ಲಿ ತೆರೆಯುವುದು ಸುಲಭವಲ್ಲ.