ಫೋನ್ ಅವರ ಕೈಯಲ್ಲಿ, ಫ್ರೇಮ್ ಯಾರ ಕೈಯಲ್ಲಿ?

ಬೀದರ್ ಜಿಲ್ಲೆಯ ಔರಾದ ಭಾಗದ ಡಾಬಕಾದ ರೈತರೊಬ್ಬರು ತಮ್ಮ ತೊಗರಿ ಹೊಲದ ಬಗ್ಗೆ ಮಾತಾಡುವ ವಿಡಿಯೊ ಬೆಂಗಳೂರಿನ ತಂಡವೊಂದಕ್ಕೆ ಬೇಕು ಅಂದುಕೊಳ್ಳಿ. ಕ್ಯಾಮೆರಾ ಹೊತ್ತು ಅಷ್ಟು ದೂರ ಹೋಗುವವರು ಈಗ ಕಡಿಮೆ. ನೀವೇ ಚಿತ್ರಿಸಿ ಕಳಿಸಿ ಎಂಬ ಸೂಚನೆ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ. ಎಲ್ಲಿ ನಿಲ್ಲಬೇಕು, ಫೋನ್ ಎಷ್ಟು ಎತ್ತರದಲ್ಲಿರಬೇಕು, ಯಾವ ವಾಕ್ಯದಿಂದ ಶುರು ಮಾಡಬೇಕು ಎಲ್ಲವೂ ಅದರಲ್ಲಿರುತ್ತವೆ. ಹೊಲದ ಗಾಳಿ ಮೈಕಿಗೆ ಬಡಿದರೆ ಏನು ಮಾಡಬೇಕೆಂಬುದೊಂದು ಬಿಟ್ಟು. ಇದು ತಿರುವುಮುರುವಾಗಬೇಕು. ದೂರದವರ ನೆರವು ಧ್ವನಿ, ಬೆಳಕಿನ ವಿಷಯದಲ್ಲಿ ಬಿಗಿಯಾಗಿರಲಿ; ಜಾಗ, ಎತ್ತರ, ಮಾತು ಮೂರೂ ಚಿತ್ರಿಸಿಕೊಳ್ಳುವವರ ಪಾಲಿಗಿರಲಿ.

ಇದಕ್ಕೆ ಸಾಕ್ಷಿ ಬೀದರಿನ ಪಕ್ಕದಲ್ಲೇ, ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿದೆ. ಅಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಮಹಿಳೆಯರು 1990ರ ದಶಕದ ಕೊನೆಗೆ ಕ್ಯಾಮೆರಾ ಕಲಿತರು. ಓದುಬರಹ ಬಾರದವರೂ ಅವರಲ್ಲಿದ್ದರು. ಸಂಸ್ಥೆ ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, ಟಿ.ವಿ. ಕಾರ್ಯಕ್ರಮಗಳ ನಿರ್ಮಾಪಕರಾಗಿದ್ದವರು. ಮೇಲಿನಿಂದ ಕೆಳಗೆ ನೋಡುವ ಶಾಟ್‌ಗೆ ಆ ಮಹಿಳೆಯರು ಇಟ್ಟ ಹೆಸರು ಪಟೇಲ ಶಾಟ್. ಕೆಳಗಿನಿಂದ ತಲೆಯೆತ್ತಿ ನೋಡುವುದು ಆಳಿನ ನೋಟ. ಕಣ್ಣಿಗೆ ಕಣ್ಣು ಸಮವಾಗಿದ್ದರೆ ಅದು ಸಂಘಂ ಶಾಟ್. ಕ್ಯಾಮೆರಾದ ಎತ್ತರವೆಂದರೆ ಯಾರು ಯಾರನ್ನು ಹೇಗೆ ನೋಡುತ್ತಾರೆಂಬ ಪ್ರಶ್ನೆ ಎಂದು ಯಾವ ಸಿನಿಮಾ ಶಾಲೆಯ ಹಂಗಿಲ್ಲದೆ ಅವರು ಕಂಡುಕೊಂಡಿದ್ದರು. ಇಂಥ ತೀರ್ಮಾನವನ್ನು ಬೆಂಗಳೂರಿನ ಸೂಚನಾಪಟ್ಟಿಯೊಂದು ಕಸಿದುಕೊಂಡರೆ ರೈತರ ಕೈಯಲ್ಲಿ ಫೋನ್ ಇದ್ದೂ ನೋಟ ನಮ್ಮದೇ ಆಗುತ್ತದೆ.

ಆದರೆ ಆ ಮಹಿಳೆಯರಿಗೆ ಎದುರು ಕೂತು ಕಲಿಸಿದವರಿದ್ದರು, ದೂರದಿಂದ ಅದಾದೀತೇ ಎಂದು ಕೇಳಬಹುದು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ ಬಂದ ‘ಫ್ಯಾಮಿಲಿ’ ಕಿರುಚಿತ್ರ ಇದಕ್ಕೆ ಅರ್ಧ ಉತ್ತರ. ಅಮಿತಾಭ್ ಬಚ್ಚನ್, ರಜನಿಕಾಂತ್, ಶಿವರಾಜ್‌ಕುಮಾರ್ ಮೊದಲಾದವರು ತಂತಮ್ಮ ಮನೆಯಲ್ಲೇ ಚಿತ್ರಿಸಿಕೊಂಡರು. ಕಳೆದುಹೋದ ತಂಪು ಕನ್ನಡಕವನ್ನು ಎಲ್ಲರೂ ಒಂದೇ ಮನೆಯಲ್ಲಿ ಹುಡುಕಿದಂತೆ ಕಾಣುವ ಹಾಗೆ ನಿರ್ದೇಶಕ ಪ್ರಸೂನ್ ಪಾಂಡೆ ಜೋಡಿಸಿದರು. ಅಲ್ಲಿ ಪ್ರತಿ ನೋಟವೂ ಮುಂದಿನದಕ್ಕೆ ಕೂಡಬೇಕಿತ್ತು, ಹಾಗಾಗಿ ಕಟ್ಟುನಿಟ್ಟು ಬೇಕೇ ಬೇಕಿತ್ತು. ಅವರೋ ಹುಟ್ಟಾ ನಟರು. ತೊಗರಿ ಬೆಳೆದವರಿಂದ ನಮಗೆ ಬೇಕಿರುವುದು ನಟನೆಯಲ್ಲ. ಬಿಟ್ಟರೆ ಅವರೂ ಟಿ.ವಿ. ವರದಿಗಾರರಂತೆ ನಿಂತು ಒಪ್ಪಿಸುತ್ತಾರೆ ಎಂಬ ದೂರಿದೆ, ಸುಳ್ಳಲ್ಲ. ಆದರೆ ಒಪ್ಪಿಸಲು ಗ್ರಾಂಥಿಕ ವಾಕ್ಯ ಬರೆದುಕೊಟ್ಟವರು ಯಾರು? ಮರಾಠಿ, ಉರ್ದು ಬೆರೆತ ಗಡಿಯ ಕನ್ನಡದವರಿಗೆ ಪಠ್ಯಪುಸ್ತಕದ ಸಾಲು ಕೊಟ್ಟರೆ ಅದು ಪರೀಕ್ಷೆಯೇ. ವಾಕ್ಯದ ಬದಲು ಪ್ರಶ್ನೆ ಕಳಿಸಿ: ಈ ಸಲ ಕಾಯಿ ಹೇಗೆ ಕಟ್ಟಿದೆ, ತೋರಿಸುತ್ತೀರಾ?

ಇನ್ನು ಸಂಕಲನಕಾರರ ಗೋಳು. ಫ್ರೇಮ್ ವಾಲಿದರೆ ಹೇಗೋ ನಡೆದೀತು, ಮಾತೇ ಕೇಳದಿದ್ದರೆ ವಿಡಿಯೊ ಕಸ. ಆದ್ದರಿಂದ ಮೊದಲು ಅರೆ ನಿಮಿಷದ ಪರೀಕ್ಷಾ ತುಣುಕು ತರಿಸಿಕೊಂಡು, ಒಂದು ಸಲಕ್ಕೆ ಒಂದೇ ತಿದ್ದುಪಡಿಯನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಬೇಕು: ಗಾಳಿಗೆ ಬೆನ್ನು ಮಾಡಿ, ಬೆಳಕು ಮುಖಕ್ಕೆ ಬೀಳಲಿ, ತಗಡಿನ ಚಾವಣಿಯಡಿ ಬೇಡ. ಕಳಿಸುವಾಗ ವಿಡಿಯೊ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿಕೊಡಬೇಕು. ಅದಕ್ಕೆ ತಗಲುವ ಡೇಟಾದ ರೀಚಾರ್ಜ್ ಹಣ ಯೋಜನೆಯ ಬಜೆಟ್ಟಿನಿಂದಲೇ ಹೋಗಬೇಕು, ರೈತರ ಜೇಬಿನಿಂದಲ್ಲ.