ಟೆಂಪೊ ಬಿಟ್ಟ ಮೇಲೆ ಹೆಗಲಿನ ಗಂಟೇ ಗತಿ

ಶ್ರೀಶೈಲ ಪಾದಯಾತ್ರೆ: ಕಾಡಿನ ಎರಡು ದಿನಕ್ಕೆ ಏನು ಕಟ್ಟಿಕೊಳ್ಳಬೇಕು?

ಅಕ್ಕಲಕೋಟ: ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಗಡಿಭಾಗದ ಕನ್ನಡ ಹಳ್ಳಿಗಳ ಕಟ್ಟೆಗಳಲ್ಲಿ ಒಂದೇ ಮಾತು: ‘ಈ ಸಲ ಮಲ್ಲಯ್ಯಗ ಯಾರ್ಯಾರು ಹೊಂಟೀರಿ?’ ಮನೆ ಮನೆಯಲ್ಲಿ ಕಡಕ್ ರೊಟ್ಟಿ ಬಡಿಯುವ ಸಪ್ಪಳ. ಶೇಂಗಾ ಚಟ್ನಿ ಕುಟ್ಟುವವರು ಕುಟ್ಟುತ್ತಾರೆ, ಹಳೆಯ ಚಾದರ್ ಒಗೆದು ಒಣಹಾಕುವವರು ಒಣಹಾಕುತ್ತಾರೆ. ಯುಗಾದಿಗೆ ಶ್ರೀಶೈಲ ಮುಟ್ಟಬೇಕು. ಹೋಳಿಯಿಂದ ಯುಗಾದಿಗೆ ಇರುವುದು 15 ದಿನ, ನಮ್ಮ ಭಾಗದಿಂದ ದಾರಿ 400 ಕಿ.ಮೀ.ಗೂ ಹೆಚ್ಚು. ದಿನಕ್ಕೆ 30 ಕಿ.ಮೀ.ನಂತೆ ನಡೆದರೆ ಲೆಕ್ಕ ಸರಿಹೋಗುತ್ತದೆ.

ಈ ಹಾದಿ ಇಂದು ನಿನ್ನೆಯದಲ್ಲ. ಸೊನ್ನಲಿಗೆ, ಅಂದರೆ ಇಂದಿನ ಸೋಲಾಪುರದ ಸಿದ್ಧರಾಮ ಎಳೆಯ ಹುಡುಗನಾಗಿದ್ದಾಗ ಮಲ್ಲಯ್ಯನನ್ನು ಹುಡುಕುತ್ತ ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲಕ್ಕೆ ಹೋದ ಕಥೆ ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿದೆ. ಹಸಿದ ಮಲ್ಲಯ್ಯನಿಗೆಂದು ಮನೆಯಿಂದ ಬುತ್ತಿ ತಂದ ಹುಡುಗ ಆತ. ನಮ್ಮ ಭಾಗದವರಿಗೆ ಮಲ್ಲಯ್ಯನ ಹಾದಿಗೂ ಬುತ್ತಿಗೂ ನಂಟು ಅಷ್ಟು ಹಳೆಯದು.

ಟೆಂಪೊ ಎಲ್ಲಿವರೆಗೆ?

ಈಗ ಬಹುತೇಕ ತಂಡಗಳ ಜೊತೆ ಒಂದು ಟೆಂಪೊ ಅಥವಾ ಟ್ರ್ಯಾಕ್ಟರ್ ಇರುತ್ತದೆ. ಅಕ್ಕಿ, ಹಿಟ್ಟು, ಪಾತ್ರೆ, ಗ್ಯಾಸ್ ಸಿಲಿಂಡರ್, ಎಲ್ಲರ ಚೀಲ ಅದರಲ್ಲೇ. ಕಲಬುರಗಿ, ರಾಯಚೂರು ಸೀಮೆ ದಾಟಿ ಕರ್ನೂಲು ಮುಟ್ಟುವವರೆಗೆ ದಾರಿಯುದ್ದಕ್ಕೂ ದಾಸೋಹ ಇರುತ್ತದೆ. ಊರವರೇ ಪೆಂಡಾಲ್ ಹಾಕಿ ಮಜ್ಜಿಗೆ, ಅಂಬಲಿ, ಅನ್ನ-ಸಾರು ಕೊಡುತ್ತಾರೆ. ಕಾಲು ನೀವುವವರೂ ಸಿಗುತ್ತಾರೆ. ಬರಿಗೈಯಲ್ಲಿ ನಡೆದರೂ ಈ ಹಾದಿಯಲ್ಲಿ ಉಪವಾಸ ಬೀಳುವ ಮಾತಿಲ್ಲ.

ಮಾತು ಬದಲಾಗುವುದು ಆತ್ಮಕೂರು ದಾಟಿದ ಮೇಲೆ. ಅಲ್ಲಿಂದ ವೆಂಕಟಾಪುರ. ವೆಂಕಟಾಪುರದಿಂದ ಮುಂದೆ ನಲ್ಲಮಲ ಕಾಡು. ಟೆಂಪೊ ದೋರ್ನಾಲದ ಮೇಲಿನ ಡಾಂಬರು ರಸ್ತೆ ಹಿಡಿದು ಸುತ್ತಿಕೊಂಡು ಶ್ರೀಶೈಲಕ್ಕೆ ಹೋಗುತ್ತದೆ. ನಡೆಯುವವರು ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳ, ಕೈಲಾಸ ದ್ವಾರದ ಕಾಲುದಾರಿ ಹಿಡಿಯುತ್ತಾರೆ. ಹೆಚ್ಚಿನವರಿಗೆ ಇದು ಎರಡು ದಿನದ ನಡಿಗೆ, ನಡುವೆ ಒಂದು ರಾತ್ರಿ ಕಾಡಿನಲ್ಲೇ ವಸ್ತಿ.

ಈ ಎರಡು ದಿನ ಟೆಂಪೊದಲ್ಲಿ ಏನಿದ್ದರೂ ನಿಮ್ಮದಲ್ಲ, ಹೆಗಲ ಮೇಲೆ ಇದ್ದದ್ದಷ್ಟೇ ನಿಮ್ಮದು. ಹದಿಮೂರು ದಿನ ಸುಖವಾಗಿ ಬಂದು ಕಾಡಿನಲ್ಲಿ ಕಂಗಾಲಾಗುವವರು ಹೆಚ್ಚಾಗಿ ಇಲ್ಲೇ ಲೆಕ್ಕ ತಪ್ಪಿರುತ್ತಾರೆ. ಮಾತ್ರೆ ಟೆಂಪೊದಲ್ಲಿ, ಬ್ಯಾಟರಿ ಟೆಂಪೊದಲ್ಲಿ, ಚಾದರ್ ಟೆಂಪೊದಲ್ಲಿ! ಆದ್ದರಿಂದ ಊರಲ್ಲೇ ಎರಡು ಗಂಟು ಕಟ್ಟಿ. ಒಂದು ಟೆಂಪೊಗೆ, ಒಂದು ಕಾಡಿಗೆ. ಕಾಡಿನ ಗಂಟನ್ನು ಮೊದಲು ಕಟ್ಟಿ, ಉಳಿದದ್ದು ಆಮೇಲೆ.

ಕಾಡು ಎಂಥದು?

ಇದು ಸಾದಾ ಗುಡ್ಡಗಾಡಲ್ಲ. ನಾಗಾರ್ಜುನಸಾಗರ-ಶ್ರೀಶೈಲಂ ಹುಲಿ ಮೀಸಲು ಪ್ರದೇಶ. 1983ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡು ದೇಶದ ಅತಿ ದೊಡ್ಡ ಹುಲಿ ಮೀಸಲುಗಳಲ್ಲಿ ಒಂದು. ಹುಲಿ, ಚಿರತೆ, ಕರಡಿ ಎಲ್ಲವೂ ಇವೆ. ಕಾಡಿನ ಮಕ್ಕಳಾದ ಚೆಂಚುಗಳು ಇಲ್ಲಿಯವರೇ. ಮಲ್ಲಯ್ಯ ಅವರ ಅಳಿಯ, ಚೆಂಚು ಮಲ್ಲಯ್ಯ. ನಮಗೆ ಭ್ರಮರಾಂಬೆ ಮನೆಮಗಳು, ಅದಕ್ಕೇ ಯುಗಾದಿಗೆ ತವರಿನ ಸೀರೆ, ಕುಬಸ, ಬಳೆ, ಅರಿಷಿಣ-ಕುಂಕುಮ ಹೊತ್ತು ಹೋಗುತ್ತೇವೆ. ಆ ಲೆಕ್ಕದಲ್ಲಿ ನಾವೂ ಚೆಂಚುಗಳೂ ಒಬ್ಬನೇ ಅಳಿಯನ ಬೀಗರು. ಬೀಗರ ಮನೆಯ ಕಾಡಿನಲ್ಲಿ ಗದ್ದಲ, ಬೆಂಕಿ, ಕಸ ಮಾಡಬಾರದೆಂಬುದು ಇಲ್ಲಿಂದಲೇ ತಿಳಿಯಬೇಕು.

ಅರಣ್ಯ ಇಲಾಖೆ ಈ ಕಾಲುದಾರಿಯನ್ನು ವರ್ಷವಿಡೀ ಬಿಡುವುದಿಲ್ಲ. ಶಿವರಾತ್ರಿ ಮತ್ತು ಯುಗಾದಿಯ ಮುಂಚಿನ ಕೆಲವು ದಿನ ಮಾತ್ರ ತೆರೆಯುತ್ತದೆ. ದಿನಾಂಕ ಪ್ರತಿವರ್ಷ ಬದಲಾಗುತ್ತದೆ. ತಂಡದ ಮುಖಂಡರು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಬೇಗ ಹೋದರೆ ಬಾಗಿಲು ಹಾಕಿರುತ್ತದೆ, ತಡವಾದರೂ ಅಷ್ಟೇ. ಕಾಡಿನಲ್ಲಿ ಕತ್ತಲಾದ ಮೇಲೆ ನಡೆಯಬಾರದು. ಟೆಂಪೊ ಓಡಿಸುವವರಿಗೂ ಒಂದು ಮಾತು: ದೋರ್ನಾಲದ ಗೇಟು ರಾತ್ರಿ ಮುಚ್ಚುತ್ತದೆ, ಹಗಲಲ್ಲೇ ದಾಟಿರಿ.

ಭಾರ ಎಷ್ಟಿರಬೇಕು?

ನಿಮ್ಮ ತೂಕದ ಹತ್ತನೇ ಒಂದು ಭಾಗ ಎಂದು ಲೆಕ್ಕ ಇಟ್ಟುಕೊಳ್ಳಿ. 60 ಕಿಲೊ ಇದ್ದವರಿಗೆ 6 ಕಿಲೊ. ಅದರಲ್ಲಿ ನೀರೇ 2 ಕಿಲೊ ಹೋಯಿತು. ಉಳಿದದ್ದು 4 ಕಿಲೊ. ಗಂಟು ಕಟ್ಟಿದ ಮೇಲೆ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ ನೋಡಿ, ಅರ್ಧ ಸಾಮಾನು ತಾನೇ ಹೊರಗೆ ಬರುತ್ತದೆ. ಕೈಚೀಲ ಬೇಡ. ಎರಡೂ ಹೆಗಲಿಗೆ ಪಟ್ಟಿ ಇರುವ ಚೀಲ ಇರಲಿ. ಬೆಟ್ಟ ಇಳಿದು ಹತ್ತುವಾಗ ಎರಡೂ ಕೈ ಖಾಲಿ ಬೇಕು, ಒಂದರಲ್ಲಿ ಕೋಲು ಬೇಕು.

ಹಾಸಿಗೆಯ ವಿಷಯದಲ್ಲಿ ನಮ್ಮವರು ಎಡವುವುದು ಅಭಿಮಾನದಿಂದ. ಸೋಲಾಪುರ ಚಾದರ್ ಮನೆಯಲ್ಲಿ ಚೆಂದ, ಟೆಂಪೊದಲ್ಲೂ ಚೆಂದ. ಹೆಗಲ ಮೇಲೆ ಭಾರ, ಅಕಾಲಿಕ ಮಳೆಗೆ ನೆನೆದರೆ ಎರಡರಷ್ಟು ಭಾರ. ಮಾರ್ಚ್-ಏಪ್ರಿಲ್‌ನ ಸೆಕೆಗೆ ತೆಳುವಾದ ಒಂದು ಹೊದಿಕೆ ಸಾಕು. ಕೆಳಗೆ ಹಾಸಲು ತಾಡಪತ್ರಿಯ ತುಂಡು ಇರಲಿ. ಮಳೆ ಬಂದರೆ ಅದನ್ನೇ ಹೊದ್ದುಕೊಳ್ಳಬಹುದು. ಮಲಗುವುದು ಗುಂಪಿನ ನಡುವೆ, ಬಯಲಲ್ಲಿ. ಒಣ ಎಲೆ, ಕಲ್ಲುಗುಪ್ಪೆ, ಪೊದೆಯ ಬದಿ ಬೇಡ. ಚಪ್ಪಲಿ, ಬೂಟು ಹಾಕಿಕೊಳ್ಳುವ ಮೊದಲು ಕೊಡವಿ, ಚೇಳು ಇರಬಹುದು.

ಬುತ್ತಿ ಮತ್ತು ನೀರು

ಕಾಡಿನಲ್ಲಿ ಒಲೆ ಹೂಡುವಂತಿಲ್ಲ. ಒಣಗಿದ ಎಲೆಗೆ ಒಂದು ಕಿಡಿ ಸಾಕು. ಹಾಗಾಗಿ ಬೇಯಿಸದೆ ತಿನ್ನುವಂಥದ್ದೇ ಬುತ್ತಿ. ಈ ವಿಷಯದಲ್ಲಿ ನಮ್ಮ ಅಡುಗೆಮನೆಗೆ ಯಾರೂ ಪಾಠ ಹೇಳಬೇಕಿಲ್ಲ. ಕಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಹಾಗೆಯೇ. ಮಾದಲಿ, ಪುಟಾಣಿ, ಬೆಲ್ಲ ನಡೆಯುತ್ತಲೇ ಬಾಯಿಗೆ ಹಾಕಿಕೊಳ್ಳಬಹುದು. ಎರಡು ಉಳ್ಳಾಗಡ್ಡಿ, ನಾಲ್ಕು ಲಿಂಬು ಸೇರಿಸಿ. ಎರಡು ದಿನದ ಬುತ್ತಿ ಒಂದೂವರೆ ಕಿಲೊ ದಾಟಬಾರದು. ಮೊಸರನ್ನ, ಚಿತ್ರಾನ್ನ ಕಟ್ಟಿಕೊಂಡರೆ ಮಧ್ಯಾಹ್ನದೊಳಗೆ ಉಣ್ಣಬೇಕು, ಸಂಜೆಗೆ ಹಳಸಿರುತ್ತದೆ.

ನೀರಿನದೇ ದೊಡ್ಡ ಚಿಂತೆ. ಬಿಸಿಲಲ್ಲಿ ಬೆಟ್ಟ ಹತ್ತುವವರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ಹಾದಿಯಲ್ಲಿ ಅಲ್ಲಲ್ಲಿ ನೀರಿನ ವ್ಯವಸ್ಥೆ, ಅನ್ನದಾನ ಇರುತ್ತದೆ. ಆದರೆ ಅದನ್ನೇ ನಂಬಿ ಖಾಲಿ ಬಾಟಲಿ ಹಿಡಿದು ಹೊರಡಬೇಡಿ. ಎರಡು ಲೀಟರ್ ಸದಾ ಹೆಗಲಲ್ಲಿರಲಿ, ನೀರು ಕಂಡಲ್ಲೆಲ್ಲ ತುಂಬಿಕೊಳ್ಳಿ. ಸ್ಟೀಲ್ ಬಾಟಲಿಯೇ ಒಳ್ಳೆಯದು, ಪ್ಲಾಸ್ಟಿಕ್ ಎಸೆಯುವ ಪ್ರಮೇಯವೇ ಬರುವುದಿಲ್ಲ. ಕೆರೆ, ಕೊಳದ ನೀರು ತೀರ್ಥವೆಂದು ತಲೆಗೆ ಹಾಕಿಕೊಳ್ಳಿ, ಹಾಗೇ ಕುಡಿಯಬೇಡಿ. ಬಟ್ಟೆಯಲ್ಲಿ ಸೋಸಿ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ತಾಸು ಬಿಟ್ಟು ಕುಡಿಯಿರಿ. ಎಷ್ಟು ನೀರಿಗೆ ಎಷ್ಟು ಮಾತ್ರೆ ಎಂಬುದು ಪೊಟ್ಟಣದ ಮೇಲೆ ಬರೆದಿರುತ್ತದೆ.

ಓಆರ್‌ಎಸ್ ಪುಡಿ ನಾಲ್ಕು ಪೊಟ್ಟಣ ಇರಲಿ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ತಪ್ಪಬಾರದು.

ಕಾಲು, ಬಿಸಿಲು, ಹಾವು

ಹೊಸ ಬೂಟು ಕೊಂಡು ಹೊರಡುವವರು ಮೂರನೇ ದಿನಕ್ಕೆ ಕುಂಟುತ್ತಾರೆ. ಒಂದೆರಡು ತಿಂಗಳು ಮೆಟ್ಟಿ ಹದವಾದದ್ದೇ ಬೇಕು. ಬರಿಗಾಲಿನ ಹರಕೆ ಹೊತ್ತವರು ಡಾಂಬರು ಕಾಯುವ ಮೊದಲೇ ಹಾದಿ ಸವೆಸಬೇಕು, ಅಂದರೆ ನಸುಕಿನಿಂದ ಹತ್ತು ಗಂಟೆಯವರೆಗೆ, ಮತ್ತೆ ಬಿಸಿಲು ಇಳಿದ ಮೇಲೆ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಬರಿಗಾಲ ಹರಕೆ ಹೊರಲೇಬಾರದು. ಅವರಿಗೆ ಗಾಯ ಆದದ್ದೂ ತಿಳಿಯುವುದಿಲ್ಲ, ಬೇಗ ಮಾಯುವುದೂ ಇಲ್ಲ. ಬೊಬ್ಬೆ ಎದ್ದರೆ ಒಡೆಯಬೇಡಿ, ತೊಳೆದು ಒಣಗಿಸಿ ಪಟ್ಟಿ ಹಚ್ಚಿ.

ಜೊತೆಗಿದ್ದವರು ತೊದಲಿದರೆ, ದಿಕ್ಕು ತಪ್ಪಿದಂತೆ ಮಾತಾಡಿದರೆ, ಮೈ ಸುಡುತ್ತಿದ್ದರೆ ಅದು ಬರೀ ದಣಿವಲ್ಲ, ಬಿಸಿಲ ಹೊಡೆತ. ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಬೀಸಿ, ತಕ್ಷಣ ವೈದ್ಯರ ಕಡೆ ಸಾಗಿಸಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ಇಟ್ಟು, ಅವರನ್ನು ನಡೆಸದೆ ಹೊತ್ತುಕೊಂಡು ಹೋಗಿ. 108 ಮೂರೂ ರಾಜ್ಯಗಳಲ್ಲಿ ನಡೆಯುತ್ತದೆ, ಆದರೆ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಅದಕ್ಕೇ ಒಬ್ಬರೇ ಮುಂದೆ ಓಡಬಾರದು, ಹಿಂದೆ ಉಳಿಯಬಾರದು. ತಂಡದ ಬಿರುಸಿನ ನಡಿಗೆಯವರು ಕೊನೆಯಲ್ಲಿರಬೇಕು, ನಿಧಾನದವರು ಮುಂದೆ. ಆಗ ಯಾರೂ ತಪ್ಪುವುದಿಲ್ಲ.

ಗಂಟಿನಲ್ಲಿ ಇರಲೇಬೇಕಾದ್ದು

• ನೀರು 2 ಲೀಟರ್, ಬುತ್ತಿ ಒಂದೂವರೆ ಕಿಲೊ
• ತೆಳು ಹೊದಿಕೆ, ತಾಡಪತ್ರಿ ತುಂಡು, ಒಂದು ಜೊತೆ ಬಟ್ಟೆ, ಎರಡು ಜೊತೆ ಕಾಲುಚೀಲ, ಟವೆಲ್
• ಬ್ಯಾಟರಿ, ಬೇರೆ ಸೆಲ್, ಸೀಟಿ, ಕೋಲು
• ದಿನದ ಮಾತ್ರೆಗಳು ನಾಲ್ಕು ದಿನಕ್ಕಾಗುವಷ್ಟು, ಪಟ್ಟಿ, ಹತ್ತಿ, ಓಆರ್‌ಎಸ್, ಕ್ಲೋರಿನ್ ಮಾತ್ರೆ
• ಹೆಣ್ಣುಮಕ್ಕಳು ದಿನ ಇಲ್ಲದಿದ್ದರೂ ಪ್ಯಾಡ್ ಇಟ್ಟುಕೊಳ್ಳಲಿ, ನಡಿಗೆಯ ದಣಿವಿಗೆ ದಿನ ಹಿಂದೆ-ಮುಂದೆ ಆಗುವುದುಂಟು
• ಆಧಾರ್ ಪ್ರತಿ. ಮನೆಯ ಮತ್ತು ತಂಡದ ಮುಖಂಡರ ನಂಬರ್, ರಕ್ತದ ಗುಂಪು ಬರೆದ ಚೀಟಿ
• ಕಸ ತುಂಬಿಕೊಳ್ಳಲು ಒಂದು ಬಟ್ಟೆಯ ಪಿಶವಿ

ಕೊನೆಯ ಪಿಶವಿ ಮರೆಯಬೇಡಿ. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನು ಹಲವು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಾಗಿವೆ. ಹುಲಿ ಕಾಡಿನಲ್ಲಂತೂ ಅದು ಜಿಂಕೆಯ ಹೊಟ್ಟೆ ಸೇರುತ್ತದೆ. ತಂದದ್ದೆಲ್ಲ ವಾಪಸ್ ಹೊತ್ತುಕೊಂಡು ಹೋಗಬೇಕು.

ಭೀಮುನಿ ಕೊಳದ ಇಳಿಜಾರು ಮುಗಿದು ಕೈಲಾಸ ದ್ವಾರದ ಏರು ಶುರುವಾದಾಗ ಚೀಲದ ಪ್ರತಿ ತೊಲದ ಲೆಕ್ಕ ಮಂಡಿಗೆ ತಿಳಿಯುತ್ತದೆ. ಕೊಂಡವೀಡಿನ ದೊರೆ ಪ್ರೋಲಯ ವೇಮಾರೆಡ್ಡಿ 14ನೇ ಶತಮಾನದಲ್ಲಿ ಈ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ್ದು ನಡೆದು ಬರುವ ಇಂಥವರಿಗಾಗಿಯೇ. ಮಗಳ ಸೀರೆ ಎಷ್ಟೇ ತೂಗಲಿ ಹೊರೋಣ, ಉಳಿದದ್ದನ್ನು ಊರಲ್ಲೇ ಇಳಿಸೋಣ. ಹೋಳಿಗೆ ಇನ್ನೂ ದಿನ ಇರುವಾಗಲೇ ಗಂಟು ಕಟ್ಟಿ, ಹೊತ್ತುಕೊಂಡು ನಾಲ್ಕು ಸಲ ಹೊಲಕ್ಕೆ ಹೋಗಿ ಬನ್ನಿ. ಹೆಗಲು ಏನು ಹೇಳುತ್ತದೋ ಕೇಳಿ.