ಓಬಳಾಪುರದ ಅದಿರು, ಕಾಂತದ ತೆಳುಪದರ

ರಾಯದುರ್ಗ ಸೀಮೆಯ ಓಬಳಾಪುರದ ಅದಿರಿನಲ್ಲಿ ಮುಖ್ಯವಾಗಿರುವುದು ಹೆಮಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಕೂಡಿದ ಖನಿಜ. ಕಬ್ಬಿಣ ಹೇರಳವಿದ್ದರೂ ಅದು ಅಯಸ್ಕಾಂತಕ್ಕೆ ಅಷ್ಟಾಗಿ ಜಗ್ಗದು. ಒಳಗಿನ ಪರಮಾಣುಗಳ ಕಾಂತತೆ ಎದುರುಬದುರಾಗಿ ನಿಂತು ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತದೆ. ಅದೇ ಕಬ್ಬಿಣ, ಅದೇ ಆಮ್ಲಜನಕ ಮ್ಯಾಗ್ನಟೈಟ್ ಆಗಿ ಜೋಡಣೆಗೊಂಡರೆ ಗಟ್ಟಿಯಾಗಿ ಅಂಟುತ್ತದೆ. ಹಾಗಾಗಿ ಕಾಂತಗುಣವನ್ನು ಬರೀ ಧಾತುವಿನ ಲೆಕ್ಕಕ್ಕೆ ಬರೆಯುವುದು ತಪ್ಪು. ಜೋಡಣೆಯದೇ ದೊಡ್ಡ ಪಾಲು. ಗಾತ್ರದ್ದೂ ಉಂಟು. ಗಾಜಿನ ಮೇಲೆ ಕೂರಿಸಿದ ಮ್ಯಾಗ್ನಟೈಟ್ ತೆಳುಪದರದಲ್ಲಿ ಬಿಡಿಬಿಡಿ ಕಣಗಳು ಸುಮಾರು 20 ನ್ಯಾನೋಮೀಟರಿಗಿಂತ ಕಿರಿದಾದರೆ ಕೋಣೆಯ ಶಾಖವೇ ಅವುಗಳ ಕಾಂತದಿಕ್ಕನ್ನು ತಿರುಗಿಸುತ್ತಿರುತ್ತದೆ. ಹೊರಗಿನ ಕಾಂತವನ್ನು ಸರಿಸಿದೊಡನೆ ಅದು ಕೊಟ್ಟ ದಿಕ್ಕಿನ ನೆನಪು ಅಳಿಯುತ್ತದೆ.

ನೆನಪಿಲ್ಲದ ಕಾಂತ ಯಾತಕ್ಕೆ ಎಂಬ ಆಕ್ಷೇಪ ಮಾಹಿತಿ ಸಂಗ್ರಹದ ಮಟ್ಟಿಗೆ ಸರಿಯೇ. ಆದರೆ ಕಾಂತಕ್ಷೇತ್ರದ ಏರಿಳಿತವನ್ನು ಅಳೆಯುವ ಸಂವೇದಕಕ್ಕೆ ಆ ಮರೆವೇ ಅನುಕೂಲ. ನೆನಪು ಬೇಕಾದಲ್ಲಿ ದೊಡ್ಡ ಕಣ ಹಾಕಿದರಾಯಿತು: ಹಳೆಯ ಕ್ಯಾಸೆಟ್ಟಿನ ಕಂದು ಪಟ್ಟಿಯಲ್ಲಿ ಹಾಡು ಹಿಡಿದಿಟ್ಟದ್ದೂ ಕಬ್ಬಿಣದ ಆಕ್ಸೈಡೇ.